ಮೂರು ದೇಶದ ಪಾಠ, ಒಂದು ಓಣಿಯ ಚಿತ್ರ

ಕಳೆದ ಚಳಿಗಾಲದಲ್ಲಿ ರಬಕವಿಯಿಂದ ಒಬ್ಬ ಹೆಣ್ಣುಮಗಳು ತಂದೆಯನ್ನು ಜೊತೆಗೆ ಕರೆದುಕೊಂಡು ಜಮಖಂಡಿಯ ನಮ್ಮ ಮನೆಗೆ ಬಂದಿದ್ದಳು. ತಂದೆ ಪವರ್‌ಲೂಮಿನಲ್ಲಿ ಮಜೂರಿ ಮೇಲೆ ಸೀರೆ ನೇಯುವವರು. ಮಗಳು ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿದವಳು. ಅವಳ ಕೈಯಲ್ಲೊಂದು ಅರ್ಜಿಯಿತ್ತು. ಯುರೋಪಿನ ಮೂರು ದೇಶಗಳಲ್ಲಿ ಒಂದಾದ ಮೇಲೊಂದರಂತೆ ಇದ್ದು ಸಾಕ್ಷ್ಯಚಿತ್ರ ನಿರ್ದೇಶನವನ್ನು ಕಲಿಯುವ ಸ್ನಾತಕೋತ್ತರ ಪದವಿಗೆ ಅದು. ಅರ್ಜಿಯ ಜೊತೆಗೆ ಕಳಿಸಬೇಕಾದ ತನ್ನ ಕುರಿತ ಎರಡು ಪುಟದ ಬರಹವನ್ನು ನಾವೊಮ್ಮೆ ನೋಡಬೇಕೆಂಬುದು ಅವಳ ಕೋರಿಕೆ.

"ನಮಗೇನ್ ತಿಳಿತೈತ್ರಿ ಭಾಯಿಸಾಬ್, ನೀವ ನೋಡ್ರಿ. ಆಕಿ ಮೂರು ದೇಶ ಅಂತಾಳ. ನಾ ಇಚಲಕರಂಜಿ ದಾಟಿ ಆಚೆ ಹೋದಾವ ಅಲ್ಲ" ಎಂದರು ತಂದೆ.

ಆ ಎರಡು ಪುಟಗಳೂ, ಅವಳು ತೋರಿಸಿದ ಒಂಬತ್ತು ನಿಮಿಷದ ಚಿತ್ರವೂ ನಮ್ಮನ್ನು ಬಹಳ ದಿನ ಕಾಡಿದವು. ಸಿನಿಮಾ ಕಲಿಯಲು ಊರು ಬಿಡಬೇಕೆ, ಬಿಟ್ಟವರ ಕಣ್ಣು ಏನಾಗುತ್ತದೆ, ನಮ್ಮ ಮಕ್ಕಳಿಂದ ಹೊರಗಿನವರು ಯಾವ ಕಥೆಯನ್ನು ಬಯಸುತ್ತಾರೆ ಎಂಬ ಪ್ರಶ್ನೆಗಳು ಅವುಗಳಿಂದಲೇ ಹುಟ್ಟಿದವು.

ಮೊದಲು ಆ ಪದವಿಯ ವಿಷಯ. ಯುರೋಪಿಯನ್ ಒಕ್ಕೂಟವು 2004ರಲ್ಲಿ ಎರಾಸ್ಮಸ್ ಮುಂಡಸ್ ಎಂಬ ಯೋಜನೆಯನ್ನು ಆರಂಭಿಸಿತು. ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಕೂಡಿಕೊಂಡು ಒಂದೇ ಸ್ನಾತಕೋತ್ತರ ಪಾಠಕ್ರಮವನ್ನು ನಡೆಸುತ್ತವೆ. ವಿದ್ಯಾರ್ಥಿ ಕನಿಷ್ಠ ಎರಡು ದೇಶಗಳಲ್ಲಿ ಓದಲೇಬೇಕು. ಪತ್ರಿಕೋದ್ಯಮ, ಮಾಧ್ಯಮ ಮತ್ತು ಜಾಗತೀಕರಣವನ್ನು ಕುರಿತ ಪದವಿಯೊಂದು ಡೆನ್ಮಾರ್ಕಿನ ಆರ್ಹುಸ್‌ನಿಂದ ಶುರುವಾಗಿ ಇತರ ದೇಶಗಳಿಗೆ ಕವಲೊಡೆಯುತ್ತದೆ. 2012ರಲ್ಲಿ ಲಿಸ್ಬನ್, ಬುಡಾಪೆಸ್ಟ್ ಮತ್ತು ಬ್ರಸೆಲ್ಸ್ ನಗರಗಳ ಮೂರು ಸಂಸ್ಥೆಗಳು ಸೇರಿ 'ಡಾಕ್‌ನೊಮ್ಯಾಡ್ಸ್' ಎಂಬ ಸಾಕ್ಷ್ಯಚಿತ್ರ ಪದವಿಯನ್ನು ತೆರೆದವು. ಹೆಸರಿನಲ್ಲೇ ಅಲೆಮಾರಿತನವಿದೆ. ಒಂದು ಸೆಮಿಸ್ಟರ್ ಒಂದು ನಗರದಲ್ಲಿ, ಮುಂದಿನದು ಇನ್ನೊಂದರಲ್ಲಿ. ಭಾಷೆ ಬಾರದ ಊರಿನಲ್ಲಿ ಇಳಿದು, ಅಲ್ಲಿನ ಜನರ ನಡುವೆ ವಿಷಯ ಹುಡುಕಿ, ಚಿತ್ರ ಮಾಡಿ, ಗಂಟು ಕಟ್ಟಿ ಮುಂದಿನ ಊರಿಗೆ ಹೊರಡಬೇಕು. ವಿದ್ಯಾರ್ಥಿವೇತನ ಸಿಕ್ಕವರಿಗೆ ಬೋಧನಾ ಶುಲ್ಕವಿಲ್ಲ. 2021ರ ನಂತರದ ನಿಯಮದಂತೆ ಗರಿಷ್ಠ ಇಪ್ಪತ್ನಾಲ್ಕು ತಿಂಗಳು, ತಿಂಗಳಿಗೆ 1400 ಯೂರೋ ಕೊಡುತ್ತಾರೆ. ನಮ್ಮ ಲೆಕ್ಕದಲ್ಲಿ ಲಕ್ಷಕ್ಕೂ ಮಿಕ್ಕಿದ ಹಣ. ಮಗ್ಗದ ಮನೆಯ ಹುಡುಗಿಯೊಬ್ಬಳು ಕನಸು ಕಾಣಲು ಇಷ್ಟು ಸಾಕು.

ಇದೆಲ್ಲ ನಮ್ಮ ಸೀಮೆಗೆ ತೀರ ಹೊಸದೆಂದು ಬೆರಗಾಗಬೇಕಿಲ್ಲ. ಇಲ್ಲಿಂದ ಬಹಳ ದೂರವಿಲ್ಲದ ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿಯವರು ನಾಟಕ ಕಂಪನಿಯ ದಾರಿಯಿಂದ ಮುಂಬಯಿ ಸೇರಿ, ಹಿಂದಿ ಸಿನಿಮಾದ ಮೊದಲ ಸಾಲಿನ ಗಾಯಕಿಯೂ ನಟಿಯೂ ಆದರು. 1943ರಲ್ಲಿ ಬಂದ 'ಕಿಸ್ಮತ್' ಚಿತ್ರದ ಹಾಡುಗಳು ಅವರ ದನಿಯನ್ನು ದೇಶದ ಮನೆಮನೆಗೆ ತಲುಪಿಸಿದವು. 1948ರ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ನೀಡಿದರು. ಅಕ್ಕತಂಗಿಯರಲ್ಲಿ ಇನ್ನೊಬ್ಬರಾದ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಿಂತು ಹಾಡಿದವರು. ಇಬ್ಬರೂ ಹೆಸರಿನ ಮುಂದೆ 'ಕರ್ನಾಟಕಿ' ಎಂದು ಬರೆದುಕೊಂಡರು. ಕನ್ನಡ, ಮರಾಠಿ, ಉರ್ದು, ಗುಜರಾತಿ ಭಾಷೆಗಳ ನಡುವೆ ಓಡಾಡಿದ ಈ ಹೆಣ್ಣುಮಕ್ಕಳಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿರಲಿಲ್ಲ. ಕಂಪನಿಯ ಮೊಕ್ಕಾಮುಗಳೇ ಅವರ ಸೆಮಿಸ್ಟರುಗಳು. ಈ ಊರಿನಲ್ಲಿ ಒಂದು ಭಾಷೆಯ ಉಚ್ಚಾರ, ಮುಂದಿನ ಊರಿನಲ್ಲಿ ಇನ್ನೊಂದು ರಾಗದ ಪಟ್ಟು. ಕಲಿಕೆ ಹಾಗೆ ನಡೆಯಿತು.

ರಹಮತ್ ತರೀಕೆರೆಯವರು ಅಮೀರ್‌ಬಾಯಿಯವರ ಬದುಕನ್ನು ಹುಡುಕಿ ಪುಸ್ತಕ ಬರೆಯದೆ ಹೋಗಿದ್ದರೆ ನಮ್ಮಲ್ಲಿ ಎಷ್ಟೋ ಜನರಿಗೆ ಅವರ ಊರು ಬೀಳಗಿ ಎಂಬುದೇ ಗೊತ್ತಾಗುತ್ತಿರಲಿಲ್ಲ. ನಮ್ಮ ಬಾಲ್ಯದಲ್ಲಿ ಅವರ ಹೆಸರನ್ನು ಮನೆಯಲ್ಲಿ ಯಾರೂ ಜೋರಾಗಿ ಹೇಳಿದ್ದನ್ನು ನಾವು ಕೇಳಿಲ್ಲ. ಹಾಡುವ ಹೆಂಗಸು, ಅದರಲ್ಲೂ ಸಿನಿಮಾದವಳು ಎಂಬ ಸಂಕೋಚ. ಉರ್ದು ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಕನ್ನಡ ಶಾಲೆ ಸೇರಿದ ನಮಗೆ ಗಾಲಿಬ್‌ ಗೊತ್ತಿದ್ದ, ಮುಧೋಳದ ಸೀಮೆಯ ರನ್ನನೂ ಪಾಠದಲ್ಲಿ ಬಂದ. ಪಕ್ಕದ ತಾಲೂಕಿನ ಅಮೀರ್‌ಬಾಯಿ ಮಾತ್ರ ಎರಡೂ ಶಾಲೆಗಳಲ್ಲಿ ಬರಲಿಲ್ಲ.

ಕನ್ನಡದಲ್ಲಿ ಸಿನಿಮಾವನ್ನು ಶಾಲೆಯಲ್ಲಿ ಕಲಿತವರ ಪರಂಪರೆಯೂ ಹಳೆಯದೇ. ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದರು. ಮುಂದೆ ಗುರುದತ್ತರ ಚಿತ್ರಗಳ ಬೆಳಕು-ನೆರಳನ್ನು ಬರೆದರು. ಗಿರೀಶ ಕಾಸರವಳ್ಳಿಯವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ 1975ರಲ್ಲಿ ಪದವಿ ಪಡೆದು, 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ 1982ರಲ್ಲಿ ಅನ್ವರ್ ಜಮಾಲ್ ಕಿದ್ವಾಯಿಯವರು ಸಮೂಹ ಸಂವಹನ ಕೇಂದ್ರವನ್ನು ಕಟ್ಟಿದಾಗ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯ ಜೊತೆಗೂಡಿತ್ತು. ಕೆನಡಾದ ಸಾಕ್ಷ್ಯಚಿತ್ರಕಾರ ಜೇಮ್ಸ್ ಬೆವರಿಜ್ ಬಂದು ಪಾಠ ಕಟ್ಟಿಕೊಟ್ಟರು. ಅಂದರೆ ಮುಸ್ಲಿಮರು ಕಟ್ಟಿದ ವಿದ್ಯಾಪೀಠವೊಂದು ನಾಲ್ಕು ದಶಕಗಳ ಹಿಂದೆಯೇ ಎರಡು ದೇಶಗಳ ಪಾಠವನ್ನು ಒಂದು ಅಂಗಳಕ್ಕೆ ತಂದಿತ್ತು. ಸಿನಿಮಾ ಕಲಿಯುವುದೇ ನಮ್ಮವರಿಗೆ ಹೊರಗಿನ ಸಂಗತಿ ಎನ್ನುವವರು ಈ ಚರಿತ್ರೆಯನ್ನು ನೋಡಬೇಕು.

ಹೊರದೇಶದ ಪಾಠ ಕನ್ನಡಕ್ಕೆ ಏನು ಕೊಟ್ಟಿತು ಎಂದು ಕೇಳಿದರೆ ಹತ್ತಿರದ ಉದಾಹರಣೆ 'ತಿಥಿ'. ಅದರ ನಿರ್ದೇಶಕ ರಾಮ್ ರೆಡ್ಡಿ ಪ್ರಾಗ್ ಫಿಲ್ಮ್ ಸ್ಕೂಲಿನಲ್ಲಿ ಕಲಿತವರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಚಿತ್ರಕ್ಕೆ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ ಬಂತು. ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಹನ್ನೊಂದನೆಯ ದಿನದ ತಿಥಿಯವರೆಗಿನ ಕಥೆ ಅದು. ಮಂಡ್ಯದ ನೊದೆಕೊಪ್ಪಲಿನ ಜನ, ಕ್ಯಾಮೆರಾ ಮುಂದೆ ಎಂದೂ ನಿಲ್ಲದವರು, ತಮ್ಮದೇ ಮಾತಿನಲ್ಲಿ ಬೈದು, ನಕ್ಕು, ಹೊಲಮನೆ ವ್ಯವಹಾರ ಮಾಡುತ್ತಾರೆ. ಈ ಚಿತ್ರವನ್ನು ಹೊಗಳುವವರು ಪ್ರಾಗ್ ಎಂಬ ಹೆಸರನ್ನು ಮೊದಲು ಹೇಳುತ್ತಾರೆ. ನಾವು ಈರೇಗೌಡ ಎಂಬ ಹೆಸರನ್ನು ಮೊದಲು ಹೇಳುತ್ತೇವೆ. ರಾಮ್ ರೆಡ್ಡಿಯವರ ಜೊತೆ ಚಿತ್ರಕಥೆ ಬರೆದ ಅವರು ಆ ಹಳ್ಳಿಯವರು. ಗಡ್ಡಪ್ಪ ನಡೆಯುವ ದಾರಿ ಎಲ್ಲಿ ತಿರುಗುತ್ತದೆ, ಸಾವಿನ ಮನೆಯಲ್ಲಿ ಯಾರು ಯಾವ ಮಾತು ಆಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಆ ದಾರಿಯ ಮುಂದೆ ಕ್ಯಾಮೆರಾವನ್ನು ಎಷ್ಟು ಹೊತ್ತು ಅಲುಗಾಡದೆ ಇಡಬೇಕು ಎಂಬುದು ಶಾಲೆ ಕಲಿಸಿದ ವಿದ್ಯೆ. ಎರಡರಲ್ಲಿ ಒಂದಿಲ್ಲದಿದ್ದರೂ 'ತಿಥಿ' ಆಗುತ್ತಿರಲಿಲ್ಲ. ಛಾಯಾಗ್ರಾಹಕ ಡೊರಾನ್ ಟೆಂಪರ್ಟ್ ಕನ್ನಡದವರಲ್ಲ. ಆದರೂ ಅವರ ಕ್ಯಾಮೆರಾ ಹಳ್ಳಿಯನ್ನು ಬೆರಗಿನ ವಸ್ತುವಾಗಿ ನೋಡುವುದಿಲ್ಲ. ಹೊರಗಿನ ಕಣ್ಣಿನ ಪಕ್ಕದಲ್ಲಿ ಒಳಗಿನವನೊಬ್ಬ ನಿಂತಿದ್ದ ಎಂಬುದೇ ಇದಕ್ಕೆ ಕಾರಣ ಎಂದು ನಮಗೆ ತೋರುತ್ತದೆ.

ದೂರ ಹೋಗದೆಯೂ ಆಗುತ್ತದೆ ಎಂಬುದಕ್ಕೆ ಸಾಕ್ಷಿಗಳಿವೆ. ವೈದ್ಯಕೀಯ ಓದಿದ ಮೈಸೂರಿನ ಚಿದಾನಂದ ಎಸ್. ನಾಯ್ಕ ಪುಣೆಯಲ್ಲಿ ಒಂದು ವರ್ಷದ ಟೆಲಿವಿಷನ್ ಪಾಠ ಮುಗಿಸುವಾಗ ಮಾಡಿದ ಹದಿನಾರು ನಿಮಿಷದ ಕನ್ನಡ ಚಿತ್ರಕ್ಕೆ 2024ರ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಮುದುಕಿಯೊಬ್ಬಳು ಊರ ಹುಂಜವನ್ನು ಕದ್ದುದರಿಂದ ಬೆಳಗೇ ಆಗದೆ ಹೋಗುವ ಜನಪದ ಕಥೆ ಅದು. ಉತ್ತರ ಕನ್ನಡದ ನಟೇಶ ಹೆಗಡೆ ಸಿನಿಮಾ ಶಾಲೆಗೆ ಹೋದವರಲ್ಲ. ಅವರ 'ಪೆದ್ರೊ' 2021ರಲ್ಲಿ ಬೂಸಾನ್ ಉತ್ಸವಕ್ಕೆ ಹೋಯಿತು. ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ತೆಹ್ರಾನಿನಲ್ಲಿ ಚಿತ್ರಕಲೆ ಓದಿ, ಮಕ್ಕಳ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಲೇ ಸಿನಿಮಾ ಕಲಿತವರು. ಗೆಳೆಯನ ನೋಟುಪುಸ್ತಕ ಹಿಂತಿರುಗಿಸಲು ಪಕ್ಕದ ಹಳ್ಳಿಗೆ ಓಡುವ ಹುಡುಗನ ಕಥೆಯನ್ನು ಅವರು 1987ರಲ್ಲಿ ಮಾಡಿದರು. ಒಂದು ಮುಸ್ಲಿಮ್ ಸಮಾಜ ಹೇಗಿರುತ್ತದೆ ಎಂದು ವಿವರಿಸುವ ಗೋಜಿಗೆ ಆ ಚಿತ್ರ ಹೋಗುವುದಿಲ್ಲ. ಹುಡುಗ ಓಡುತ್ತಾನೆ, ಅಷ್ಟೇ. ಜಗತ್ತು ಅವನ ಹಿಂದೆ ಓಡಿತು.

ಇನ್ನು ಆ ಎರಡು ಪುಟಗಳ ವಿಷಯ. ಅದು ಇಂಗ್ಲಿಷಿನಲ್ಲಿತ್ತು. ಹೊರದೇಶಕ್ಕೆ ಕಳಿಸುವ ತರಬೇತಿ ಕೇಂದ್ರವೊಂದರಲ್ಲಿ ಹಣ ಕೊಟ್ಟು ಬರೆಸಿದ್ದು. ಕತ್ತಲ ಕೋಣೆ, ಮುಸುಕಿನೊಳಗಿನ ಕಣ್ಣೀರು, ಉಸಿರುಗಟ್ಟಿಸುವ ಸಂಪ್ರದಾಯ, ಹುಡುಗಿಯರಿಗೆ ಓದು ಬೇಡವೆನ್ನುವ ತಂದೆ, ಕ್ಯಾಮೆರಾ ಎಂಬ ಬಿಡುಗಡೆ. ಓದುತ್ತ ತಲೆಯೆತ್ತಿದರೆ, ಓದು ಬೇಡವೆನ್ನುವ ಆ ತಂದೆ ಮಗಳ ಅರ್ಜಿಯ ಕಡತವನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮೆದುರೇ ಕೂತು ಚಹಾ ಕುಡಿಯುತ್ತಿದ್ದರು.

"ಇದು ಯಾರ ಮನಿ ಕತಿ ಬೇಟಿ?" ಎಂದೆವು.

"ನಮ್ಮನೀದು ಅಲ್ರಿ ಚಾಚಾ. ಹಿಂಗ ಬರದ್ರನ ಸೀಟು ಸಿಗತೈತಿ ಅಂದ್ರು."

ಆ ಹುಡುಗಿಯನ್ನು ನಾವು ದೂರಲಿಲ್ಲ. ಬರೆದುಕೊಟ್ಟವರಿಗೂ ಮಾರುಕಟ್ಟೆಯ ಅಂದಾಜಿತ್ತು. ಮುಸ್ಲಿಮ್ ಹೆಣ್ಣು ಎಂದೊಡನೆ ಒಂದೇ ಕಥೆಯನ್ನು ನಿರೀಕ್ಷಿಸುವ ಕಿವಿಗಳು ಜಗತ್ತಿನಲ್ಲಿವೆ. ನಮ್ಮಲ್ಲಿ ಅನ್ಯಾಯಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಬಾನು ಮುಷ್ತಾಕರನ್ನು ಓದಿಲ್ಲವೆಂದಾಗುತ್ತದೆ. ಆದರೆ ಬಾನು ಅವರು ಆ ಕಥೆಗಳನ್ನು ಹಾಸನದಲ್ಲಿ ಕೂತು, ಕನ್ನಡದಲ್ಲಿ, ಕನ್ನಡದ ಓದುಗರ ಎದುರಿಗೆ ಬರೆದರು. ಸಮುದಾಯದ ಸಿಟ್ಟನ್ನೂ ಇಲ್ಲಿಯೇ ನಿಂತು ಎದುರಿಸಿದರು. ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಬಂದದ್ದು 2025ರಲ್ಲಿ, ದಶಕಗಳ ಬರವಣಿಗೆಯ ನಂತರ. ಮನೆಯೊಳಗಿನ ಜಗಳವನ್ನು ಮೊದಲು ಮನೆಯವರ ಮುಂದೆ ಆಡಿ, ಆಮೇಲೆ ಅದು ಊರಿಗೆ ಕೇಳಿಸುವುದು ಬೇರೆ. ಮನೆಯಲ್ಲಿ ಇಲ್ಲದ ಜಗಳವನ್ನು ಹೊರಗಿನ ಬಾಗಿಲಲ್ಲಿ ನಿಂತು ಅಳುವುದು ಬೇರೆ.

ಕನ್ನಡದ ತೆರೆಯ ಮೇಲೂ ಈ ಪ್ರಶ್ನೆ ಇದೆ. ಕಾಸರವಳ್ಳಿಯವರ 'ಹಸೀನಾ' (2004) ಬಾನು ಅವರ 'ಕರಿನಾಗರಗಳು' ಕಥೆಯಿಂದ ಬಂದದ್ದು. ಗಂಡ ಕೈಬಿಟ್ಟ ಹೆಣ್ಣುಮಗಳು ಜಮಾತಿನ ಮುತವಲ್ಲಿಯಿಂದ ನ್ಯಾಯ ಕೇಳುವ ಕಥೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ವೈದೇಹಿಯವರ ಕಥೆಯನ್ನು ಆಧರಿಸಿದ 'ಗುಲಾಬಿ ಟಾಕೀಸ್' (2008) ಕರಾವಳಿಯ ಸೂಲಗಿತ್ತಿಯ ಮನೆಗೆ ಬಣ್ಣದ ಟಿ.ವಿ. ಬಂದಾಗ ಏನಾಯಿತು, ಕಾರ್ಗಿಲ್ ಯುದ್ಧದ ಗಾಳಿ ಊರಿಗೆ ಬೀಸಿದಾಗ ಏನಾಯಿತು ಎಂದು ಹೇಳುತ್ತದೆ. ಅದರಲ್ಲಿ ಉಮಾಶ್ರೀಯವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಎರಡೂ ಚಿತ್ರಗಳನ್ನು ನಾವು ಗೌರವಿಸುತ್ತೇವೆ. ಮುಸ್ಲಿಮರನ್ನು ಖಳರನ್ನಾಗಿಯೋ ನಗೆಗಾರರನ್ನಾಗಿಯೋ ತೋರಿಸುತ್ತಿದ್ದ ಕಾಲದಲ್ಲಿ ಅವು ಅವರನ್ನು ಮನುಷ್ಯರನ್ನಾಗಿ ಕಂಡವು. ಆದರೂ ಒಂದು ಮಾತು ಹೇಳಲೇಬೇಕು. ಹಸೀನಾಳನ್ನು ಗಂಡ ಬಿಟ್ಟಿದ್ದಾನೆ. ಗುಲಾಬಿಯ ಗಂಡನೂ ಎರಡನೆಯ ಹೆಂಡತಿಯ ಜೊತೆಗಿದ್ದಾನೆ. ನಮ್ಮ ಹೆಣ್ಣುಮಗಳು ಗಂಭೀರ ಕನ್ನಡ ಚಿತ್ರದ ನಡುಮನೆಗೆ ಬರಬೇಕಾದರೆ ಮೊದಲು ಗಂಡ ಬಿಡಬೇಕೇನೋ ಎಂಬಂತಾಗಿದೆ. ಕಂಡಿಕೆ ಸುತ್ತುತ್ತ ಪಕ್ಕದ ಮನೆಯ ಲಿಂಗಾಯತ ಅವ್ವನ ಜೊತೆ ಸೊಸೆಯರ ಚಾಡಿ ಹೇಳುವ ಹೆಂಗಸು, ಮೊಹರಂನಲ್ಲಿ ರಿವಾಯತ್ ಪದ ಕೇಳಲು ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ನಿಲ್ಲುವ ಅಜ್ಜಿ, ಇವರಿನ್ನೂ ತೆರೆಗೆ ಬರಬೇಕಾಗಿದೆ. ಇದು ಕಾಸರವಳ್ಳಿಯವರ ತಪ್ಪಲ್ಲ. ಅವರು ತಮಗೆ ಸಿಕ್ಕ ಕಥೆಯನ್ನು ಮಾಡಿದರು. ಕ್ಯಾಮೆರಾ ಹಿಡಿಯದ ನಾವು ಯಾರನ್ನು ದೂರುವುದು?

ಹುಡುಗಿಯ ಒಂಬತ್ತು ನಿಮಿಷದ ಚಿತ್ರ ಈ ಕಾರಣಕ್ಕೇ ನಮಗೆ ಮುಖ್ಯವಾಯಿತು. ಮೊಬೈಲಿನಲ್ಲಿ ತೆಗೆದದ್ದು. ಮನೆಯೊಳಗೆ ಎರಡು ಮಗ್ಗ. ಅವುಗಳ ಸದ್ದಿನಲ್ಲಿ ಮಾತು ಕೇಳಿಸದು. ಹೀಗಾಗಿ ಮನೆಯವರೆಲ್ಲ ಕೈಸನ್ನೆಯಲ್ಲೇ ಸಂಸಾರ ಮಾಡುತ್ತಾರೆ. ಊಟಕ್ಕೆ ಒಂದು ಸನ್ನೆ, ಮಾಲಕರು ಬಂದರೆ ಒಂದು ಸನ್ನೆ, ಸಿಟ್ಟಿಗೆ ಇನ್ನೊಂದು. ಕರೆಂಟು ಹೋದಾಗ ಸದ್ದು ಒಮ್ಮೆಲೇ ನಿಲ್ಲುತ್ತದೆ. ಆಗ ಎಲ್ಲರೂ ಒಟ್ಟಿಗೆ ಮಾತಾಡತೊಡಗುತ್ತಾರೆ, ದಿನವಿಡೀ ತಡೆದಿಟ್ಟದ್ದನ್ನು. ಸಾಲದ ಕಂತು, ಹಲ್ಲುನೋವು, ಮುಧೋಳದ ಅತ್ತೆಯ ಮನೆಯ ಮದುವೆ. ಕರೆಂಟು ಮತ್ತೆ ಬರುತ್ತದೆ. ತಂದೆಯ ಮಾತು ಅರ್ಧಕ್ಕೆ ನಿಲ್ಲುತ್ತದೆ. ಈ ಸದ್ದು-ನಿಶ್ಶಬ್ದದ ಲೆಕ್ಕವನ್ನು ಅವಳಿಗೆ ಯಾವ ದೇಶವೂ ಕಲಿಸಿರಲಿಲ್ಲ. ಅದು ಹುಟ್ಟಿದಾಗಿನಿಂದ ಅವಳ ಕಿವಿಯಲ್ಲಿತ್ತು.

ಚಿತ್ರದಲ್ಲಿ ದೋಷಗಳಿದ್ದವು. ಮೌನದ ಮೇಲೆ ದುಃಖದ ಕೊಳಲು ಹಾಕಿದ್ದಳು. ಕೊನೆಗೆ ನೇಕಾರರ ಬವಣೆ ಕುರಿತು ತೆರೆಯ ಮೇಲೆ ನಾಲ್ಕು ಸಾಲು ಬರೆದಿದ್ದಳು. ತಂದೆಯ ಕೈಗಳನ್ನು ತೀರ ಹತ್ತಿರದಿಂದ ತೋರಿಸುವ ಆತುರದಲ್ಲಿ ನೇಯ್ಗೆ ನಡೆಯುವ ಬಗೆಯೇ ಕಾಣದಾಗಿತ್ತು. ಮೂರನ್ನೂ ಹೇಳಿದೆವು. ಇವು ಶಾಲೆ ತಿದ್ದಬಹುದಾದ ದೋಷಗಳು. ಒಳ್ಳೆಯ ಸಿನಿಮಾ ಶಾಲೆಯ ಉಪಯೋಗ ಅದೇ: ತನ್ನಲ್ಲಿರುವುದನ್ನು ನಂಬುವ ಧೈರ್ಯ, ಬೇಡವಾದದ್ದನ್ನು ಕತ್ತರಿಸುವ ಶಿಸ್ತು. ಭಾಷೆ ಬಾರದ ಲಿಸ್ಬನ್ನಿನ ಓಣಿಯಲ್ಲಿ ಚಿತ್ರ ಮಾಡಬೇಕಾಗಿ ಬಂದಾಗ ಈ ಹುಡುಗಿಗೆ ಬೇರೆಯವರಿಗಿಂತ ಕಷ್ಟ ಕಡಿಮೆಯಾದೀತು ಎಂದೂ ನಮಗನಿಸಿತು. ಮಾತಿಲ್ಲದೆ ಮನುಷ್ಯರನ್ನು ಓದುವುದು ಅವಳ ಮನೆಯ ವಿದ್ಯೆ.

ಆದರೆ ದಾರಿ ಸಲೀಸಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ತುಂಬಿಕೊಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತಿತು. ಎರಾಸ್ಮಸ್ ವಿದ್ಯಾರ್ಥಿವೇತನಕ್ಕೆ ಜಗತ್ತಿನ ಎಲ್ಲ ಕಡೆಯಿಂದ ಪೈಪೋಟಿ. ಇಂಗ್ಲಿಷ್ ಪರೀಕ್ಷೆಯ ಶುಲ್ಕವೇ ಮಗ್ಗದ ಮನೆಗೆ ಭಾರ. ಯುರೋಪಿನ ಸಂಸ್ಥೆಗಳೆಂದರೆ ರಾಜಕೀಯದ ಗಾಳಿ ಸೋಕದ ತಾಣಗಳೆಂದು ತಿಳಿಯುವುದೂ ಬೇಡ. ಡಾಕ್‌ನೊಮ್ಯಾಡ್ಸ್ ಕಟ್ಟಿದ ಮೂರರಲ್ಲಿ ಒಂದಾದ ಬುಡಾಪೆಸ್ಟಿನ ರಂಗಭೂಮಿ ಮತ್ತು ಸಿನಿಮಾ ವಿಶ್ವವಿದ್ಯಾಲಯವನ್ನು 2020ರಲ್ಲಿ ಹಂಗೇರಿಯ ಸರಕಾರ ಪ್ರತಿಷ್ಠಾನವೊಂದರ ಕೈಗೆ ಒಪ್ಪಿಸಿದಾಗ, ವಿದ್ಯಾರ್ಥಿಗಳು ಎಪ್ಪತ್ತು ದಿನಕ್ಕೂ ಹೆಚ್ಚು ಕಾಲ ಕಟ್ಟಡದಲ್ಲೇ ಕೂತು ಪ್ರತಿಭಟಿಸಿದರು. ಕಲಿಯುವ ಸ್ವಾತಂತ್ರ್ಯಕ್ಕೆ ಎಲ್ಲೆಡೆಯೂ ಕಾವಲು ಬೇಕು.

ಇನ್ನು ನಮ್ಮ ಒಳಗಿನ ಬಾಗಿಲು. ಮಗ ಎಂಜಿನಿಯರ್ ಆಗಲು ಹೊಲ ಮಾರುವ ಮನೆಗಳು ನಮ್ಮಲ್ಲಿವೆ. ಮದುವೆಯ ವಲೀಮಾಕ್ಕೆ ಸಾಲ ಮಾಡುವ ಮನೆಗಳೂ ಇವೆ. ಸಿನಿಮಾ ಓದುತ್ತೇನೆ ಎಂದರೆ ಮಾತ್ರ ದೀನು ನೆನಪಾಗುತ್ತದೆ. ಅದೇ ಮನೆಯಲ್ಲಿ ಇಶಾ ನಮಾಜಿನ ನಂತರ ಮಧ್ಯರಾತ್ರಿಯವರೆಗೆ ಎಲ್ಲರ ಕೈಯಲ್ಲೂ ಮೊಬೈಲಿನ ವಿಡಿಯೋಗಳು ಓಡುತ್ತಿರುತ್ತವೆ. ನೋಡುವುದು ತಪ್ಪಲ್ಲ, ಮಾಡುವುದು ತಪ್ಪು ಎಂಬ ಈ ನ್ಯಾಯ ನಮಗೆ ತಿಳಿಯದು. ಉಲೇಮಾಗಳೊಡನೆ ವಾದಕ್ಕೆ ನಿಲ್ಲುವ ಪಾಂಡಿತ್ಯ ನಮ್ಮದಲ್ಲ. ಆದರೆ ನಮ್ಮ ಬಗ್ಗೆ ಸುಳ್ಳು ಹೇಳುವ ಚಿತ್ರಗಳು ಬಂದಾಗ ಮನವಿಪತ್ರ ಹಿಡಿದು ತಹಶೀಲ್ದಾರ್ ಕಚೇರಿಗೆ ಹೋಗುವ ನಾವು, ನಿಜ ಹೇಳಬಲ್ಲ ನಾಲ್ಕು ಮಕ್ಕಳನ್ನು ತಯಾರು ಮಾಡಲು ಏನು ಮಾಡಿದ್ದೇವೆ? ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲೇ ಮಾಧ್ಯಮ ಕಲಿಯುವ ಸ್ನಾತಕೋತ್ತರ ಪದವಿ ಇದೆ. ಜಾಮಿಯಾ ಇದೆ, ಪುಣೆ ಇದೆ. ಇವುಗಳ ಹೆಸರಾದರೂ ನಮ್ಮ ಶಾಲೆಗಳ ಗೋಡೆಯ ಮೇಲೆ ಬರಬೇಡವೆ?

ಹುಡುಗಿ ಎರಡು ಪುಟಗಳನ್ನು ಹರಿದು ಹಾಕಿ ಹೊಸದಾಗಿ ಬರೆದಳು. ಮೊದಲು ಕನ್ನಡದಲ್ಲಿ ಬರೆದಳು. ನಡುನಡುವೆ ದಖನಿ ಮಾತು. ಆಮೇಲೆ ತಾನೇ ಇಂಗ್ಲಿಷಿಗೆ ತಂದಳು. ಇಂಗ್ಲಿಷ್ ಮೊದಲಿನಷ್ಟು ನುಣುಪಾಗಿರಲಿಲ್ಲ. ಆದರೆ ಅದರಲ್ಲಿ ಕರೆಂಟು ಹೋದಾಗ ಮಾತಾಡುವ ಮನೆಯಿತ್ತು, ಚಹಾ ಕುಡಿಯುವ ತಂದೆಯಿದ್ದರು.

ಹೊರಡುವಾಗ ಅವರು ಮೆಟ್ಟಿಲ ಮೇಲೆ ನಿಂತು ಕೇಳಿದರು: "ಆಕಿ ತಿರುಗಿ ಬರ್ತಾಳೇನ್ರಿ ಭಾಯಿಸಾಬ್?"

ಬರುತ್ತಾಳೆಂದು ಮಾತು ಕೊಡಲು ನಾವ್ಯಾರು? ಬೀಳಗಿಯ ಅಮೀರ್‌ಬಾಯಿಯವರ ಸಂಗತಿ ಹೇಳಿದೆವು. ಮುಂಬಯಿಯಲ್ಲಿ ಗಳಿಸಿದ ಹಣದಿಂದ ಅವರು ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಅವರು ಕಟ್ಟಿಸಿದ್ದಾ? ನಮ್ಮ ಅಬ್ಬಾ ಅಲ್ಲಿ ಸಿನಿಮಾ ನೋಡಿದ್ರಂತ ಹೇಳತಿದ್ರು" ಎಂದರು.

ಈ ಸಲ ಅವಳಿಗೆ ಸೀಟು ಸಿಗಲಿಲ್ಲ. ಮುಂದಿನ ಸಲಕ್ಕೆ ಅರ್ಜಿ ಹಾಕುತ್ತಾಳೆ, ಜಾಮಿಯಾಕ್ಕೂ ಹಾಕುತ್ತಾಳೆ. ಸದ್ಯ ಬನಹಟ್ಟಿಯಲ್ಲಿ ಮದುವೆಯ ವಿಡಿಯೋಗಳನ್ನು ಜೋಡಿಸುವ ಕೆಲಸ ಮಾಡುತ್ತಿದ್ದಾಳೆ. ತಿದ್ದಿದ ಚಿತ್ರವನ್ನು ಹೋದ ತಿಂಗಳು ಅವರ ಓಣಿಯ ಹತ್ತು-ಹನ್ನೆರಡು ನೇಕಾರರಿಗೆ ಗೋಡೆಯ ಮೇಲೆ ತೋರಿಸಿದಳು. ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ನಾವೂ ಹೋಗಿದ್ದೆವು. ಕೊಳಲು ಹೋಗಿತ್ತು, ನಾಲ್ಕು ಸಾಲೂ ಹೋಗಿತ್ತು. ಚಿತ್ರ ಮುಗಿದ ಮೇಲೆ ಹಿರಿಯ ನೇಕಾರರೊಬ್ಬರು, "ಎಲ್ಲಾ ಬರೋಬರಿ ಐತಿ ತಂಗಿ, ಆದ್ರ ಲಾಳಿ ಎಡಗಡೆಯಿಂದ ಹೊಂಟದ್ದು ಮುಟ್ಟೂದು ಕಾಣಲಿಲ್ಲ. ಪೂರಾ ತೋರಸಬೇಕಾಗಿತ್ತು" ಎಂದರು. ಅದರ ಮೇಲೆ ಅರ್ಧ ತಾಸು ಚರ್ಚೆ ನಡೆಯಿತು. ಹುಡುಗಿ ನೋಟುಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದಳು.